ಗೋಡೆಯಲ್ಲಿ ಬೇರೊಂದು ಋತು

ಅಕ್ಟೋಬರ್ 6, ಸೋಮವಾರ

ಮಾತಾಡಲು ಯಾರೂ ಇಲ್ಲವೆಂದು ದಿನಚರಿ ಬರೆಯುವವರಿದ್ದಾರೆ. ನನ್ನ ಪಾಡು ಅದಲ್ಲ. ಮಾತಾಡಲು ಬೇಕಾದಷ್ಟು ಜನರಿದ್ದಾರೆ, ಮಾತಾಡುವ ಹಾಗಿಲ್ಲ ಅಷ್ಟೆ.

ಗಂಟಲಿನ ಡಾಕ್ಟರು ಇವತ್ತು ಮೂಗಿನೊಳಗಿಂದ ಸಣ್ಣ ಕ್ಯಾಮೆರಾ ಇಳಿಸಿ, ನನ್ನ ಧ್ವನಿ ಹುಟ್ಟುವ ಜಾಗವನ್ನು ಪರದೆಯ ಮೇಲೆ ನನಗೇ ತೋರಿಸಿದರು. ಒದ್ದೆಯಾದ ಎರಡು ಬಿಳಿ ಪಟ್ಟಿಗಳು. ಇಷ್ಟು ವರ್ಷ ಮೈದಾನದ ಆ ತುದಿಗೂ ಕೇಳುವ ಹಾಗೆ ಕೂಗಿದ್ದು ಇವೇನಾ ಎಂದು ಆಶ್ಚರ್ಯವಾಯಿತು. ಎಡಗಡೆಯದರ ಮೇಲೆ ಒಂದು ಗಂಟು ಕೂತಿದೆ.

"ಇದು ಕರಗಬೇಕು ಅಂದ್ರೆ ನೀವು ಬಾಯಿ ಮುಚ್ಕೊಂಡಿರಬೇಕಮ್ಮಾ. ಪಿಸುಗುಟ್ಟೋದೂ ಬೇಡ, ಅದು ಇನ್ನೂ ಕೆಟ್ಟದ್ದು" ಎಂದರು.

ಕರಗದಿದ್ದರೆ ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. ತೆಗೆಯಬೇಕು, ತೆಗೆದದ್ದನ್ನು ಪರೀಕ್ಷೆಗೆ ಕಳಿಸಬೇಕು ಎಂದರು. ಯಾವ ಪರೀಕ್ಷೆ ಎಂದು ಬರೆಯಲು ಪೆನ್ನು ಎತ್ತಿದೆ, ಬರೆಯಲಿಲ್ಲ.

ಶಾಲೆಯಲ್ಲಿ ಮಕ್ಕಳು ನನಗಿಟ್ಟ ಹೆಸರು ಗಂಟೆ ಮಿಸ್. ನಾನು ಕೂಗಿದರೆ ಜವಾನ ಗಂಟೆ ಹೊಡೆಯಬೇಕಾಗಿಲ್ಲ ಎನ್ನುವುದು ನಮ್ಮಲ್ಲಿ ಹಳೆಯ ತಮಾಷೆ. ಗಂಟೆ ಮಿಸ್ಸಿನ ಗಂಟಲಲ್ಲಿ ಗಂಟು. ಬೇರೆ ಯಾರಿಗಾದರೂ ಆಗಿದ್ದರೆ ನಕ್ಕುಬಿಡುತ್ತಿದ್ದೆ.

ಅಕ್ಟೋಬರ್ 9, ಗುರುವಾರ

ರಜೆ ಹಾಕಿ ಎಂದು ದೊಡ್ಡ ಮೇಡಂ, ಅಂದರೆ ನಮ್ಮ ಮುಖ್ಯೋಪಾಧ್ಯಾಯಿನಿ, ಎಷ್ಟು ಹೇಳಿದರೂ ನಾನು ತಲೆ ಅಲ್ಲಾಡಿಸಿದೆ. ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತರೆ ಹುಚ್ಚು ಹಿಡಿಯುತ್ತದೆ. ಕಡೆಗೆ ಒಂದು ಒಪ್ಪಂದವಾಯಿತು. ಮೂರನೇ ತರಗತಿಗೆ ಈಗ ಋತುಗಳ ಪಾಠ. ನಮ್ಮ ಕೋಣೆಯ ಗೋಡೆಗೆ ಬೇಸಿಗೆಯಲ್ಲಿ ಒಂದು ದೊಡ್ಡ ಟಚ್ ಪರದೆ ಹಾಕಿಸಿದ್ದಾರೆ. ಅದನ್ನು, ಅದರ ಜೊತೆ ಬಂದ ಆನ್‌ಲೈನ್ ಪಾಠಗಳನ್ನು ನಾನು ಬಳಸಬೇಕು. ಕಂಪ್ಯೂಟರ್ ಮೇಷ್ಟ್ರು ಜೊತೆಗಿದ್ದು ಕಲಿಸಿಕೊಡುತ್ತಾನೆ. ಚಳಿಗಾಲದ ರಜೆಯವರೆಗೆ ನೋಡೋಣ ಎಂದರು.

ಆ ಪರದೆಯನ್ನು ನಾನು ಇದುವರೆಗೆ ಮುಟ್ಟಿರಲಿಲ್ಲ. ಅದರ ಮೇಲೆ ಮಕ್ಕಳ ಚಿತ್ರಗಳನ್ನು ಅಂಟಿಸಿದ್ದೆ. ಮೇಷ್ಟ್ರು ಅವನ್ನು ಒಂದೊಂದಾಗಿ ಬಿಡಿಸುವಾಗ ನನ್ನ ಮುಖ ನೋಡಿ, "ಅಕ್ಕಾ, ಹೀಗೆ ದುರುಗುಟ್ಟಿಕೊಂಡು ನೋಡಿದ್ರೆ ಅದು ಆನ್ ಆಗೋಕೂ ಹೆದರುತ್ತೆ" ಎಂದ. ತೀರಾ ಚಿಕ್ಕವನು, ಗಡ್ಡ ಬಿಟ್ಟರೂ ವಯಸ್ಸು ಬಂದಿಲ್ಲ.

ನಾನು ಟೈಪು ಮಾಡಿದ್ದನ್ನು ಓದಿ ಹೇಳುವ ಆಪ್ ಒಂದನ್ನು ಟ್ಯಾಬಿಗೆ ಹಾಕಿಕೊಟ್ಟ. "ಎಲ್ಲರೂ ಸುಮ್ಮನೆ ಕುಳಿತುಕೊಳ್ಳಿ" ಎಂದು ಒತ್ತಿದೆ. ಯಾವುದೋ ಹೆಂಗಸು ಅದನ್ನು ಬಸ್ ನಿಲ್ದಾಣದಲ್ಲಿ ಬಸ್ಸು ಹೊರಡುವ ಸಮಯ ಹೇಳುವ ಹಾಗೆ, ಬೇಡದ ಕಡೆ ನಿಲ್ಲಿಸಿ ನಿಲ್ಲಿಸಿ ಹೇಳಿದಳು. ಮಕ್ಕಳು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ತಮಟೆ ಎಂದು ನಾನೇ ಹೆಸರಿಟ್ಟ ಹುಡುಗನಿದ್ದಾನೆ, ಅವನಂತೂ ಮಧ್ಯಾಹ್ನದವರೆಗೆ ಅದೇ ರಾಗದಲ್ಲಿ ಎಲ್ಲರನ್ನೂ ಕುಳ್ಳಿರಿಸುತ್ತಾ ಓಡಾಡಿದ.

ಅಕ್ಟೋಬರ್ 10, ಶುಕ್ರವಾರ

ಅಸಾಧ್ಯ. ಮೇಜು ಕುಟ್ಟಿ ಕುಟ್ಟಿ ಅಂಗೈ ಕೆಂಪಾಗಿದೆ. ಸೋಮವಾರ ಹೋಗಿ ರಜೆ ಬರೆದುಕೊಡುತ್ತೇನೆ.

ಅಕ್ಟೋಬರ್ 17, ಶುಕ್ರವಾರ

ಬರೆದುಕೊಡಲಿಲ್ಲ.

ಸೋಮವಾರ ಬೆಳಗ್ಗೆ ಮಂಜು ದಟ್ಟವಾಗಿತ್ತು. ಕಿಟಕಿಯಾಚೆಯ ಮರ ಕಾಣುತ್ತಿರಲಿಲ್ಲ, ಅದರ ಎಲೆಗಳ ಹಳದಿ ಮಾತ್ರ ಗಾಳಿಯಲ್ಲಿ ತೇಲಿದಂತೆ ಕಾಣುತ್ತಿತ್ತು. ಮೇಷ್ಟ್ರು ಪರದೆಯ ಮೇಲೆ ಹಕ್ಕಿಗಳ ಕೂಗಿನ ಒಂದು ಜಾಲತಾಣ ತೆರೆದ. ಯಾವ ತಿಂಗಳಲ್ಲಿ ಯಾವ ಹಕ್ಕಿ ಬರುತ್ತದೆ, ಯಾವುದು ಹೊರಟುಹೋಗುತ್ತದೆ ಎಂದು ಅಲ್ಲಿದೆ. ತಿಂಗಳು ಮುಟ್ಟಿದರೆ ಆ ತಿಂಗಳ ಬೆಳಗು ಕೇಳುತ್ತದೆ. ಜೂನ್ ಮುಟ್ಟಿದ. ಕೋಣೆ ತುಂಬ ಕಲರವ. ಆಮೇಲೆ ಅಕ್ಟೋಬರ್. ಎಲ್ಲೋ ಒಂದು, ಆಮೇಲೆ ತುಂಬ ಹೊತ್ತು ಏನಿಲ್ಲ, ಆಮೇಲೆ ಇನ್ನೊಂದು.

ಆ 'ಏನಿಲ್ಲ'ದ ಹೊತ್ತಿನಲ್ಲಿ ಮಕ್ಕಳು ತುಟಿ ಪಿಟಕ್ಕೆನ್ನದೆ ಕಾದರು. ನಾನು ಮೇಜು ಕುಟ್ಟಿರಲಿಲ್ಲ. ಇನ್ನೊಂದು ಹಕ್ಕಿ ಯಾವಾಗ ಕೂಗುತ್ತದೋ ಎಂದು ನಾನೂ ಕಾಯುತ್ತಿದ್ದೆ.

ಈಗ ಮಕ್ಕಳು ಟ್ಯಾಬ್ ಮನೆಗೆ ಒಯ್ದು ಋತುವಿನ ಸದ್ದು ಹಿಡಿದು ತರುತ್ತಿದ್ದಾರೆ. ಒಣಗಿದ ಎಲೆ ತುಳಿಯುವ ಸದ್ದು ಸರಿ. ತಮಟೆ ತಂದದ್ದು ಅವನ ತಾತ ಸೀನುವ ಸದ್ದು. ಅವರಿಗೆ ಚಳಿಗಾಲ ಬಂದಿದ್ದು ಗೊತ್ತಾಗುವುದೇ ಹಾಗಂತೆ. ಬೇಡವೆನ್ನಲು ಮಾತು ಬೇಕು, ಅದು ನನ್ನಲ್ಲಿಲ್ಲ. ಸೀನನ್ನೂ ಪಟ್ಟಿಗೆ ಸೇರಿಸಿದೆ.

ಅಕ್ಟೋಬರ್ 28, ಮಂಗಳವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಋತುಗಳನ್ನು ಕಲಿಯುವ ತರಗತಿಗಳನ್ನು ಜೋಡಿ ಮಾಡಿಸುವ ಒಂದು ಆನ್‌ಲೈನ್ ಯೋಜನೆಗೆ ಮೇಷ್ಟ್ರು ನಮ್ಮನ್ನು ಸೇರಿಸಿದ್ದ. ಭೂಮಿಯ ಮೇಲಿನ ಅರ್ಧದಲ್ಲಿ ಒಂದು ತರಗತಿ, ಕೆಳಗಿನ ಅರ್ಧದಲ್ಲಿ ಇನ್ನೊಂದು. ನಮ್ಮ ಹಗಲೇ ಅವರ ಹಗಲು, ಆದರೆ ನಮ್ಮ ಋತು ಅವರ ಋತುವಲ್ಲ. ಅವರ ಭಾಷೆ ನಮಗೆ ಬರುವುದಿಲ್ಲ, ನಮ್ಮದು ಅವರಿಗೆ ಬರುವುದಿಲ್ಲ. ಮಾತಿಲ್ಲದೆ ಇಬ್ಬರು ಮೇಷ್ಟ್ರುಗಳು ಏನು ಮಾಡಲು ಸಾಧ್ಯ ಎಂದು ನಾನು ಸ್ಲೇಟಿನಲ್ಲಿ ಬರೆದು ತೋರಿಸಿದ್ದೆ. "ನಿಮಗೇನಕ್ಕಾ ಕಷ್ಟ, ಕಷ್ಟ ಆಗೋದು ಆ ಕಡೆಯವರಿಗೆ" ಎಂದಿದ್ದ.

ಊಟದ ನಂತರ ಗೋಡೆ ಬೆಳಗಿತು. ಮೊದಲು ಏನೂ ಕಾಣಲಿಲ್ಲ, ಬರೀ ಬಿಸಿಲು. ನಮ್ಮ ಕೋಣೆಯಲ್ಲಿ ಮೋಡದ ಬೂದು ಬೆಳಕಿತ್ತು, ಮಕ್ಕಳೆಲ್ಲ ಸ್ವೆಟರ್ ತೊಟ್ಟಿದ್ದರು. ಗೋಡೆಯಲ್ಲಿ ಕಿಟಕಿಗಳು ಹಾರುಹೊಡೆದಿದ್ದವು, ಪರದೆ ಬಟ್ಟೆಗಳು ಹಾರುತ್ತಿದ್ದವು, ಹೊರಗೊಂದು ಮರ ಮೈತುಂಬ ತಿಳಿನೇರಳೆ ಹೂ ಹೊತ್ತು ನಿಂತಿತ್ತು. ತೋಳಿಲ್ಲದ ಅಂಗಿಯ ಮಕ್ಕಳು ಪಿಳಿಪಿಳಿ ಕಣ್ಣು ಬಿಟ್ಟು ನಮ್ಮನ್ನು ನೋಡುತ್ತಿದ್ದರು. ಆ ಬಿಸಿಲು ಗೋಡೆಯಿಂದ ಇಳಿದು ನಮ್ಮ ಮುಂದಿನ ಸಾಲಿನ ಮಕ್ಕಳ ಮುಖದ ಮೇಲೆ ಬಿದ್ದಿತ್ತು. ನನಗೆ ಬೆಚ್ಚಗೆ ಅನಿಸಿತು ಎಂದರೆ ಯಾರೂ ನಂಬುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವರ ಮೇಷ್ಟ್ರು ಉದ್ದ ಕತ್ತಿನ, ದಪ್ಪ ಕನ್ನಡಕದ ಮನುಷ್ಯ. ಅರೆಗಳಿಗೆಯಲ್ಲಿ ನಮ್ಮವರು ಅವರಿಗೆ ಒಂಟೆ ಮೇಷ್ಟ್ರು ಎಂದು ಹೆಸರಿಟ್ಟರು. ಅವರು ಒಂದು ಹೂವನ್ನು ಎತ್ತಿ ಹಿಡಿದರು. ನಾನು ಒಂದು ಹಳದಿ ಎಲೆ ಎತ್ತಿ ಹಿಡಿದೆ. ಆ ಕಡೆಯ ಮಕ್ಕಳು ಎಲೆಗೆ ಉಸಿರು ಬಿಗಿಹಿಡಿದರು, ನಮ್ಮವರು ಹೂವಿಗೆ. ಅಷ್ಟೇ ಪಾಠ. ಮಿಕ್ಕ ಹೊತ್ತೆಲ್ಲ ಎರಡೂ ಕಡೆಯವರು ತಮ್ಮ ತಮ್ಮ ಕಿಟಕಿಯಾಚೆ ಇರುವುದನ್ನೆಲ್ಲ ತಂದು ತಂದು ತೋರಿಸಿದರು.

ಅವರು ಹೋದ ಮೇಲೆ ತಮಟೆ ಕೇಳಿದ, ಅವರ ಕ್ಯಾಲೆಂಡರ್ ತಪ್ಪಾಗಿದೆಯಾ ಎಂದು. ಇಲ್ಲ, ನಮ್ಮದೇ ತಪ್ಪು ಎಂದು ಇನ್ಯಾರೋ ಹೇಳಿದರು. ಆಗ ಗುಬ್ಬಿ ಏನೋ ಹೇಳಿದಳು. ಗುಬ್ಬಿ ಎಂದರೆ ಕೊನೆಯ ಸಾಲಿನ ಪುಟ್ಟ ಹುಡುಗಿ, ಅವಳ ಮಾತು ಅವಳ ಗಲ್ಲದಿಂದ ಕೆಳಗೆ ಇಳಿಯುವುದಿಲ್ಲ. ಜೋರಾಗಿ ಹೇಳು ಎನ್ನುವ ಹಾಗಿರಲಿಲ್ಲವಲ್ಲ, ಎದ್ದು ಹೋಗಿ ಅವಳ ಬಾಯಿಯ ಹತ್ತಿರ ಕಿವಿ ಇಟ್ಟೆ.

"ನಮ್ಮ ವಸಂತ ಅಲ್ಲಿಗೆ ಹೋಗಿದೆ ಮಿಸ್. ಅವರದು ಮುಗಿದ ಮೇಲೆ ವಾಪಸ್ ಕಳಿಸ್ತಾರೆ."

ಅವಳ ಮಾತನ್ನು ಹಾಗೇ ಪರದೆಯ ಮೇಲೆ ಬರೆದೆ. ಎಲ್ಲರೂ ಓದಿದರು. ಯಾರೂ ಅದು ತಪ್ಪೆನ್ನಲಿಲ್ಲ.

ನವೆಂಬರ್ 6, ಗುರುವಾರ

ಭೂಮಿ ಓರೆಯಾಗಿ ಸುತ್ತುವುದನ್ನು ನಾನು ಪ್ರತಿ ವರ್ಷ ಒಂದು ಚೆಂಡು, ಒಂದು ಟಾರ್ಚು ಹಿಡಿದು, ಗಂಟಲು ಹರಿದುಕೊಂಡು ವಿವರಿಸುತ್ತಿದ್ದೆ. ಈ ಸಲ ಪರದೆಯ ಮೇಲೊಂದು ಗೋಳ ಇದೆ. ತಿಂಗಳನ್ನು ಬೆರಳಿನಿಂದ ಎಳೆದರೆ ಗೋಳ ಸೂರ್ಯನನ್ನು ಸುತ್ತುತ್ತದೆ, ಬೆಳಕು ಒಮ್ಮೆ ಮೇಲಿನ ಅರ್ಧಕ್ಕೆ, ಒಮ್ಮೆ ಕೆಳಗಿನದಕ್ಕೆ ಜಾರುತ್ತದೆ. ಕಿಟಕಿ ಮುಚ್ಚಿ ಕೋಣೆ ಕತ್ತಲು ಮಾಡಿದೆವು. ಒಬ್ಬೊಬ್ಬರೇ ಬಂದು ವರ್ಷವನ್ನು ಎಳೆದರು. ತಮಟೆ ಗಿರಗಿರ ತಿರುಗಿಸಿ ಎಲ್ಲರನ್ನೂ ಮುದುಕರನ್ನಾಗಿ ಮಾಡಿಬಿಟ್ಟ. ಗುಬ್ಬಿ ಎಷ್ಟು ಮೆಲ್ಲಗೆ ಎಳೆದಳೆಂದರೆ ಬೆಳಕು ನಮ್ಮ ಕಡೆಯಿಂದ ಅವರ ಕಡೆಗೆ ದಾಟುವುದನ್ನು ನಾನು ಮೊದಲ ಸಲ ನೋಡಿದೆ. ಇಷ್ಟು ವರ್ಷ ಪಾಠ ಮಾಡಿದ್ದೇನೆ, ನಿಂತು ನೋಡಿರಲಿಲ್ಲ.

ಒಂಟೆ ಮೇಷ್ಟ್ರಿಂದ ಸಂದೇಶ ಬಂತು. ಅವರು ಬರೆದದ್ದನ್ನು ಯಂತ್ರ ನಮ್ಮ ಭಾಷೆಗೆ ತಿರುಗಿಸಿ ಕೊಡುತ್ತದೆ. "ನಿಮ್ಮ ಎಲೆಗಳನ್ನು ಕಂಡು ನಮ್ಮ ಮಕ್ಕಳಿಗೆ ಹಸಿವಾಗಿದೆ" ಎಂದಿತ್ತು. ಆಸೆ ಎನ್ನುವ ಜಾಗಕ್ಕೆ ಹಸಿವು ಬಂದಿರಬೇಕು. ಊಟದ ಡಬ್ಬಿಯೊಂದಕ್ಕೆ ಎಲೆ ತುಂಬಿ ಅದರ ಫೋಟೋ ಕಳಿಸಿದೆವು. ಬೇಕಾದಷ್ಟು ತಿನ್ನಲಿ.

ನವೆಂಬರ್ 19, ಬುಧವಾರ

ನಮ್ಮನೆಯವರು ಲಿಫ್ಟ್ ರಿಪೇರಿ ಮಾಡುವವರು. ಮಾತು ಕಡಿಮೆಯ ಮನುಷ್ಯ ಎಂದು ಮದುವೆಯಾದಾಗಿನಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಇವತ್ತು ಊಟಕ್ಕೆ ಕೂತಾಗ, ದೊಡ್ಡ ಕಟ್ಟಡವೊಂದರಲ್ಲಿ ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡ ಒಬ್ಬ ಮುದುಕಿಯ ಕತೆ ಹೇಳಿದರು. ಮೇಲೆ ಮೋಟಾರಿನ ಕೋಣೆಯಲ್ಲಿ ಇವರು, ಕೆಳಗೆ ಕತ್ತಲಲ್ಲಿ ಆಕೆ. ಹೆದರದಿರಲಿ ಎಂದು ಇವರು ಶಿಳ್ಳೆ ಹಾಕುತ್ತಾ ಕೆಲಸ ಮಾಡಿದರಂತೆ. ಆಕೆ ಕೆಳಗಿನಿಂದ ಶ್ರುತಿ ತಪ್ಪಿದ್ದನ್ನು ತಿದ್ದಿದಳಂತೆ.

ಇವರಿಗೆ ಶಿಳ್ಳೆ ಹಾಕಲು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಹಾಕಿ ಎಂದು ಕೈಸನ್ನೆ ಮಾಡಿದೆ. ನಾಚಿಕೊಂಡು ನೀರಿನ ಲೋಟ ಎತ್ತಿದರು. ಆಮೇಲೆ ಪಾತ್ರೆ ತೊಳೆಯುವಾಗ ನನಗೆ ಬೆನ್ನು ಹಾಕಿ ನಿಂತು ಹಾಕಿದರು.

ಇವರಿಗೆ ವಯಸ್ಸಾಯಿತು ಅಂತ ಕಾಣುತ್ತದೆ, ಮಾತು ಜಾಸ್ತಿಯಾಗಿದೆ.

ಡಿಸೆಂಬರ್ 3, ಬುಧವಾರ

ಗಂಟು ಕರಗಿಲ್ಲ. ರಜೆ ಶುರುವಾದ ಮೇಲೆ ಆಪರೇಷನ್. ಡಾಕ್ಟರು ಪರದೆಯನ್ನು ಈ ಸಲ ನನ್ನ ಕಡೆ ತಿರುಗಿಸಲಿಲ್ಲ.

ಡಿಸೆಂಬರ್ 11, ಗುರುವಾರ

ಅವರಿಗೆ ಇದು ವರ್ಷದ ಕೊನೆ. ಬೇಸಿಗೆ ರಜೆ. ನಾಳೆಯಿಂದ ಫೆಬ್ರವರಿಯವರೆಗೆ ಗೋಡೆ ತೆರೆಯುವುದಿಲ್ಲ.

ಕೊನೆಯ ದಿನವೆಂದು ಎರಡೂ ಕಡೆಯವರು ತಮ್ಮ ಮರದ ಸಿನಿಮಾ ತೋರಿಸಿದೆವು. ದಿನವೂ ಬೆಳಗ್ಗೆ ಒಂದೇ ಜಾಗದಲ್ಲಿ ಟ್ಯಾಬ್ ಇಟ್ಟು ಕಿಟಕಿಯಾಚೆಯ ಮರದ ಒಂದು ಫೋಟೋ ತೆಗೆದಿದ್ದೆವು. ಮೇಷ್ಟ್ರು ಎಲ್ಲವನ್ನೂ ಜೋಡಿಸಿದ್ದ. ನಮ್ಮ ಮರ ಹಳದಿಯಾಗಿ, ಮಂಜಿನಲ್ಲಿ ಕಳೆದುಹೋಗಿ, ಮತ್ತೆ ಬಂದು, ಒಂದು ನಿಟ್ಟುಸಿರಿನಷ್ಟು ಹೊತ್ತಿನಲ್ಲಿ ಬರಿದಾಯಿತು. ಅವರದು ಹೂ ಉದುರಿಸಿ, ಎಲೆ ಹೊದ್ದು, ಕಡೆಗೆ ಕಿಟಕಿ ತುಂಬ ಹಸಿರೇ ಹಸಿರಾಗಿ ನಿಂತಿತು. ಎರಡನ್ನೂ ಅಕ್ಕಪಕ್ಕ ಇಟ್ಟು ಮತ್ತೆ ಮತ್ತೆ ಓಡಿಸಿದೆವು. ಒಂದು ಖಾಲಿಯಾಗುವಷ್ಟೂ ಇನ್ನೊಂದು ತುಂಬುತ್ತಿತ್ತು. ಮಕ್ಕಳು ನೆಲದ ಮೇಲೆ ಮಲಗಿ ನೋಡಿದರು. ನಾನೂ ಅವರ ನಡುವೆ ಕೂತಿದ್ದೆ. ಯಾರೋ ನನ್ನ ಮಡಿಲಲ್ಲಿ ತಲೆ ಇಟ್ಟಿದ್ದರು, ಯಾರೆಂದು ನೋಡಲಿಲ್ಲ.

ಗುಬ್ಬಿಗೆ ಆ ಕಡೆ ಒಬ್ಬಳು ಗೆಳತಿಯಾಗಿದ್ದಾಳೆ. ಮುಂದಿನ ಎರಡೂ ಹಲ್ಲು ಬಿದ್ದ, ಸದಾ ನಗುವ ಹುಡುಗಿ. ಇಬ್ಬರೂ ಪರದೆಗೆ ಅಂಗೈ ಒತ್ತಿ ನಿಂತರು. ಅವರು ಪರಸ್ಪರ ಒಂದು ಮಾತೂ ಆಡಿಲ್ಲ, ಆಡಿದರೂ ತಿಳಿಯುವುದಿಲ್ಲ. ಆದರೂ ತಿಂಗಳೊಪ್ಪತ್ತಿನಿಂದ ಚಿತ್ರ ಬರೆದು, ಮುಖ ಸೊಟ್ಟ ಮಾಡಿ, ಏನೇನೋ ಹಂಚಿಕೊಂಡಿದ್ದಾರೆ.

ಗೋಡೆ ಆರಿದ ಮೇಲೆ ಅದರಲ್ಲಿ ನಮ್ಮದೇ ನೆರಳು ಕಂಡಿತು. ಫೆಬ್ರವರಿಯಲ್ಲಿ ಅಲ್ಲಿ ನಿಲ್ಲುವವಳು ನಾನೇ ಆಗಿರುತ್ತೇನೋ ಇಲ್ಲವೋ ಅನಿಸಿತು. ಮಕ್ಕಳ ಮುಂದೆ ಅಳಬಾರದೆಂದು ಬ್ಯಾಗುಗಳನ್ನು ಎತ್ತಿ ಎತ್ತಿ ಕೊಟ್ಟೆ.

ಡಿಸೆಂಬರ್ 22, ಸೋಮವಾರ

ಆಯಿತು. ಏನೂ ಗೊತ್ತಾಗಲಿಲ್ಲ. ಎಚ್ಚರವಾದಾಗ ಇವರು ಪಕ್ಕದ ಕುರ್ಚಿಯಲ್ಲಿ ಯಾವುದೋ ಲಿಫ್ಟಿನ ಬಗ್ಗೆ ಹೇಳುತ್ತಿದ್ದರು. ಎಷ್ಟು ಹೊತ್ತಿನಿಂದ ಹೇಳುತ್ತಿದ್ದರೋ.

ಡಿಸೆಂಬರ್ 30, ಮಂಗಳವಾರ

ಪರೀಕ್ಷೆಗೆ ಕಳಿಸಿದ್ದು ಇನ್ನೂ ಬಂದಿಲ್ಲ. ಹೊರಗೆ ಗಾಳಿಯೂ ಇಲ್ಲ. ಸೋಫಾದ ಮೇಲೆ ಕಂಬಳಿ ಹೊದ್ದು ಹಕ್ಕಿಗಳ ಜಾಲತಾಣ ತೆರೆದುಕೊಂಡು ಮಲಗಿದ್ದೆ. ಜನವರಿ ಮುಟ್ಟಿದೆ. ತುಂಬ ಹೊತ್ತು ಏನೂ ಇರಲಿಲ್ಲ. ಕೆಟ್ಟಿದೆ ಎಂದುಕೊಳ್ಳುವಷ್ಟರಲ್ಲಿ ತುಂಬ ದೂರದಲ್ಲಿ ಒಂದು ಸಣ್ಣ ಚಿಲಿಪಿಲಿ. ಇವರು ಅಡುಗೆಮನೆಯಿಂದ ಇಣುಕಿ, "ಅದೇನೇ ಅದು?" ಎಂದರು. ಜನವರಿ ಎಂದು ಬರೆದು ತೋರಿಸಿದೆ. ಬಂದು ಪಕ್ಕದಲ್ಲಿ ಕೂತರು. ಇಬ್ಬರೂ ಜನವರಿ ಕೇಳಿದೆವು.

ಇವರಿಗೂ ಹೆದರಿಕೆ ಇದೆ ಎಂದು ಇವರ ಮೊಣಕಾಲು ಅಲುಗುವುದರಿಂದ ತಿಳಿಯಿತು. ಕೈ ಇಟ್ಟೆ. ನಿಂತಿತು.

ಜನವರಿ 8, ಗುರುವಾರ

ಕೆಟ್ಟದ್ದೇನೂ ಇಲ್ಲ. ಬರೀ ಗಂಟು. ಡಾಕ್ಟರು ಎರಡು ಸಲ ಹೇಳಿದರು, ನಾನು ಮೂರನೆಯ ಸಲ ಹೇಳಲಿ ಎಂದು ಅವರ ಮುಖವನ್ನೇ ನೋಡುತ್ತಿದ್ದೆ.

"ಆದ್ರೆ ಹಳೇ ಧ್ವನಿ ಬರಲ್ಲಮ್ಮಾ. ಬರೋ ಧ್ವನೀನ ಜೋಪಾನ ಮಾಡ್ಕೊಬೇಕು. ಇನ್ಮೇಲೆ ಕೂಗೋದು ಇಲ್ಲವೇ ಇಲ್ಲ."

ಇನ್ನು ಎರಡು ವಾರದ ಮೇಲೆ ಸ್ವಲ್ಪ ಸ್ವಲ್ಪ ಮಾತಾಡಬಹುದಂತೆ. ಹೊರಗೆ ಬಂದಾಗ ಬಿಸಿಲಿತ್ತು. ಇವರು ರಸ್ತೆಯಲ್ಲೇ ನಿಂತು ಕಣ್ಣೊರೆಸಿಕೊಂಡರು. ಧೂಳು ಎಂದರು. ನಾನು ಹೌದೆಂದು ತಲೆ ಆಡಿಸಿ ನನ್ನ ಕಣ್ಣಿನ ಧೂಳೂ ಒರೆಸಿಕೊಂಡೆ.

ಜನವರಿ 21, ಬುಧವಾರ

ಮನೆಯಲ್ಲಿ ಯಾರೂ ಇಲ್ಲದಾಗ ಮಾತಾಡಿ ನೋಡಿದೆ. ಏನು ಹೇಳಬೇಕೆಂದು ತೋಚದೆ ವಾರಗಳ ಹೆಸರು ಹೇಳಿದೆ. ಟ್ಯಾಬಿನಲ್ಲಿ ಹಿಡಿದು ಕೇಳಿಸಿಕೊಂಡೆ. ಪಕ್ಕದ ಕೋಣೆಯಲ್ಲಿ ಯಾರೋ ಕುರ್ಚಿ ಎಳೆದ ಹಾಗಿತ್ತು. ತಗ್ಗಿದ, ಒರಟಾದ, ಅಂಚು ಹರಿದ ಧ್ವನಿ. ಶುಕ್ರವಾರಕ್ಕೆ ಬರುವ ಹೊತ್ತಿಗೆ ಉಸಿರೇ ಆಗಿತ್ತು. ಅಳಿಸಿಹಾಕಿದೆ.

ಇವರ ಮುಂದೆ ಎರಡು ಮಾತಾಡಿದೆ. "ಚೆನ್ನಾಗಿದೆ, ಕಾಫಿ ಡಿಕಾಕ್ಷನ್ ಥರ ಗಟ್ಟಿಯಾಗಿದೆ" ಎಂದರು. ಶಾಲೆಯಲ್ಲಿ ಆಡಿಲ್ಲ. ಡಾಕ್ಟರು ಇನ್ನೂ ಬಿಟ್ಟಿಲ್ಲವೆಂದು ಎಲ್ಲರೂ ತಿಳಿದಿದ್ದಾರೆ, ತಿಳಿದಿರಲಿ. ಮೈದಾನದ ಆ ತುದಿಗೆ ಕೇಳುತ್ತಿದ್ದವಳು ಈ ಧ್ವನಿ ಇಟ್ಟುಕೊಂಡು ಆ ಮಕ್ಕಳ ಮುಂದೆ ಹೇಗೆ ನಿಲ್ಲಲಿ?

ದೊಡ್ಡ ಮೇಡಂ ಇವತ್ತು ಕರೆಸಿ ಕೂರಿಸಿಕೊಂಡು, ಮುಂದಿನ ವರ್ಷ ಲೈಬ್ರರಿಗೆ ಬಂದುಬಿಡಿ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅಷ್ಟು ಮಕ್ಕಳನ್ನು ಮೆಲುದನಿಯಲ್ಲಿ ಹಿಡಿದಿಡಲು ಆಗುವುದಿಲ್ಲ, ಲೈಬ್ರರಿಯಲ್ಲಿ ಹೇಗೂ ಎಲ್ಲರೂ ಮೆಲ್ಲಗೇ ಮಾತಾಡಬೇಕು ಎಂದರು. ಮಾರ್ಚ್ ಮೊದಲ ವಾರದೊಳಗೆ ಹೇಳಬೇಕು.

ಸರಿಯಾದದ್ದೇ ಅನಿಸಿತು. ಹೂಂ ಎಂದು ಬರೆಯಲು ಪೆನ್ನು ಕೇಳಿದೆ. ಮೇಡಂ ಹತ್ತಿರ ಪೆನ್ನಿರಲಿಲ್ಲ. ಆಮೇಲೆ ಹೇಳಿದರಾಯಿತು.

ಫೆಬ್ರವರಿ 10, ಮಂಗಳವಾರ

ಬೆಳಗ್ಗಿನಿಂದ ಮಕ್ಕಳ ಕಾಲು ನೆಲದ ಮೇಲಿರಲಿಲ್ಲ. ಮಧ್ಯಾಹ್ನ ಗೋಡೆ ತೆರೆಯುವ ದಿನ. ಗುಬ್ಬಿ ರಜೆಯಲ್ಲಿ ಬರೆದ ಚಿತ್ರಗಳನ್ನೆಲ್ಲ ಸುರುಳಿ ಸುತ್ತಿ ತಂದಿದ್ದಳು.

ಗೋಡೆ ಬೆಳಗಿತು. ಅದೇ ಕೋಣೆ, ಅದೇ ಕಿಟಕಿ, ಮರ ದಟ್ಟ ಹಸಿರು. ಒಂಟೆ ಮೇಷ್ಟ್ರು ಬಿಸಿಲಿಗೆ ಕಂದಿ ಇನ್ನಷ್ಟು ಉದ್ದವಾಗಿ ಕಂಡರು. ಆದರೆ ಅವರ ಹಿಂದೆ ಕೂತಿದ್ದವರು ಬೇರೆ ಮಕ್ಕಳು. ಒಂದು ಮುಖವೂ ಗುರುತಿನದಲ್ಲ. ಚಿಕ್ಕವರು, ಹೆದರಿದವರು, ಹೊಸ ಅಂಗಿಯವರು.

ತಮಟೆ ಮುಂದೆ ಹೋಗಿ ಪರದೆಯ ಅಂಚಿನ ಹಿಂದೆ ಇಣುಕಿ ನೋಡಿದ. ಗುಬ್ಬಿ ಸುರುಳಿ ಬಿಚ್ಚಲೇ ಇಲ್ಲ.

ನಾನು ಇದನ್ನು ಮೊದಲೇ ಯೋಚಿಸಬೇಕಿತ್ತು. ಅವರಲ್ಲಿ ವರ್ಷ ಮುಗಿದು ಹೊಸ ವರ್ಷ ಶುರುವಾಗಿದೆ. ಆ ಮಕ್ಕಳು ಮುಂದಿನ ತರಗತಿಗೆ ಹೋಗಿದ್ದಾರೆ. ಪರದೆಯ ಮೇಲೆ ಮೆಟ್ಟಿಲು ಬರೆದು, ಗೊಂಬೆಗಳನ್ನು ಹತ್ತಿಸಿ ತೋರಿಸಿದೆ. ಅರ್ಥವಾಯಿತು, ಆದರೆ ಸಮಾಧಾನವಾಗಲಿಲ್ಲ. "ಹೇಳಿ ಹೋಗ್ಬೇಕಿತ್ತು" ಎಂದ ತಮಟೆ, ಅವನಿಗೆ ಬರುವಷ್ಟು ಮೆಲುದನಿಯಲ್ಲಿ.

ಫೆಬ್ರವರಿ 13, ಶುಕ್ರವಾರ

ಪರದೆಯ ಮುಂದೆ ಯಾರೂ ಕೂರುತ್ತಿಲ್ಲ. ಕಿಟಕಿಯಾಚೆ ಮರಕ್ಕೆ ಮೊಗ್ಗು ಬಂದಿದೆ. ಅದನ್ನು ನೋಡಲೂ ಏಳುವುದಿಲ್ಲ. ಮೊಗ್ಗು ಅರಳುವುದನ್ನು ಒಂದು ನಿಮಿಷದಲ್ಲಿ ತೋರಿಸುವ ವಿಡಿಯೋ ಹಾಕಿದೆ. ಮುಂಚೆಯಾಗಿದ್ದರೆ ಕಣ್ಣರಳಿಸಿ ನೋಡುತ್ತಿದ್ದರು.

ಒಂಟೆ ಮೇಷ್ಟ್ರಿಗೆ ಬರೆದೆ. ಉದ್ದಕ್ಕೆ ಬರೆದೆ. ಯಂತ್ರ ಅದನ್ನು ಏನೆಂದು ತಿರುಗಿಸಿತೋ ದೇವರೇ ಬಲ್ಲ. ಸಂಜೆ ಉತ್ತರ ಬಂತು: "ನಿಮ್ಮ ಮಕ್ಕಳ ದುಃಖ ನನ್ನ ಜೇಬಿನಲ್ಲಿದೆ. ಮೇಲಿನ ಮೇಷ್ಟರನ್ನು ಕೇಳುತ್ತೇನೆ." ಜೇಬು ಎಲ್ಲಿಂದ ಬಂತೋ ತಿಳಿಯದು. ಆದರೂ ಮನುಷ್ಯ ಒಳ್ಳೆಯವರು.

ಮಾರ್ಚ್ 3, ಮಂಗಳವಾರ

ಅಲ್ಲಿನ ಮೇಲಿನ ತರಗತಿಯಲ್ಲಿ ಪರದೆ ಇಲ್ಲ. ಒಂಟೆ ಮೇಷ್ಟ್ರು ಅದಕ್ಕೊಂದು ದಾರಿ ಹುಡುಕಿದ್ದರು. ಇವತ್ತು ಮಧ್ಯಾಹ್ನ ಗೋಡೆ ತೆರೆದಾಗ ಅವರು ಟ್ಯಾಬನ್ನು ಎದೆಗೆ ಹಿಡಿದು ಎದ್ದು ನಿಂತರು. ತಮ್ಮ ಹೊಸ ಮಕ್ಕಳಿಗೆ ಏನೋ ಹೇಳಿ, ನಮ್ಮನ್ನು ಎತ್ತಿಕೊಂಡು ಬಾಗಿಲು ದಾಟಿದರು.

ನಮ್ಮ ಗೋಡೆ ನಡೆಯತೊಡಗಿತು. ಉದ್ದನೆಯ ಪಡಸಾಲೆ, ಒಂದು ಪಕ್ಕ ಬ್ಯಾಗುಗಳ ಗೂಟ, ಇನ್ನೊಂದು ಪಕ್ಕ ಕಿಟಕಿಗಳ ಸಾಲು. ಪ್ರತಿ ಕಿಟಕಿಯಲ್ಲೂ ಅದೇ ಮರದ ಸ್ವಲ್ಪ ಸ್ವಲ್ಪ ಭಾಗ, ಒಂದೊಂದು ಎಲೆ ಆಗಲೇ ಹಳದಿ. ಅವರು ವಾಲಿದ ಕಡೆ ನಮ್ಮ ಮಕ್ಕಳೂ ವಾಲಿದರು. ಮೆಟ್ಟಿಲು ಬಂದಾಗ ನಮ್ಮವರ ಕಾಲುಗಳೂ ಎತ್ತಿ ಎತ್ತಿ ಇಟ್ಟವು. ಕಂಪ್ಯೂಟರ್ ಮೇಷ್ಟ್ರು ಕಂಬಿ ಹಿಡಿಯುವವನ ಹಾಗೆ ಕಪಾಟು ಹಿಡಿದುಕೊಂಡಿದ್ದ. ಅವರ ಏದುಸಿರು ಬಿಟ್ಟರೆ ಯಾವ ಸದ್ದೂ ಇರಲಿಲ್ಲ. ನಾವೆಲ್ಲ ಒಬ್ಬ ಒಂಟೆಯ ಬೆನ್ನೇರಿ ಇನ್ನೊಂದು ದೇಶದೊಳಗೆ ಹೋಗುತ್ತಿದ್ದೆವು.

ಮೇಲೊಂದು ಹಸಿರು ಬಾಗಿಲು. ತಟ್ಟಿದರು. ತೆರೆಯಿತು.

ಅಲ್ಲಿ ಇದ್ದರು. ಎಲ್ಲರೂ. ಒಂದು ಗೇಣು ಎತ್ತರವಾಗಿ, ಕೂದಲು ಕತ್ತರಿಸಿಕೊಂಡು, ಬಿಸಿಲಿಗೆ ಕಂದು ಬಣ್ಣವಾಗಿ. ಎರಡೂ ಕೋಣೆ ಒಟ್ಟಿಗೆ ಬಾಯಿಬಿಟ್ಟವು. ಗುಬ್ಬಿಯ ಗೆಳತಿ ಜನರ ನಡುವೆ ನುಗ್ಗಿ ಬಂದಳು. ನಕ್ಕಳು. ಬಾಯಲ್ಲಿ ಎರಡು ದೊಡ್ಡ ಹಲ್ಲು. ಗುಬ್ಬಿ ಹಿಂದಿನ ಸಾಲಿನಿಂದಲೇ, ಕುರ್ಚಿಯ ಮೇಲೆ ಹತ್ತಿ, "ಹಲ್ಲು ಬಂದಿದೆ!" ಎಂದು ಕೂಗಿದಳು. ಇಡೀ ಕೋಣೆಗೆ ಕೇಳಿತು. ಅವಳಿಗೇ ಗೊತ್ತಾಗಲಿಲ್ಲ.

ಅವರು ಹೋದ ಮೇಲೆ ಮಕ್ಕಳು ತಮ್ಮಷ್ಟಕ್ಕೆ ತಾವೇ ಬಂದು ಪರದೆಯ ಮುಂದೆ ನೆಲದ ಮೇಲೆ ಕೂತರು. ನಾನೂ ಕೂತೆ. ಹೊರಗೆ ಮರದ ಚಿಗುರಿನ ಮೇಲೆ ಬಿಸಿಲು ಬಿದ್ದು, ಕೋಣೆಯೊಳಗೆ ಎಳೆಹಸಿರು ಬೆಳಕಿತ್ತು.

"ಮಿಸ್, ನಾವೂ ಮೇಲೆ ಹೋಗ್ತೀವಾ?" ಎಂದಳು ಗುಬ್ಬಿ.

ತಲೆ ಆಡಿಸಿದೆ.

"ನೀವೂ ನಮ್ ಜೊತೆ ಬರ್ತೀರಾ?"

"ಇಲ್ಲ" ಎಂದೆ. "ನಾನು ಇಲ್ಲೇ ಇರ್ತೀನಿ. ಇದೇ ಕೋಣೆಯಲ್ಲಿ. ಹೊಸಬರು ಬರ್ತಾರಲ್ಲ."

ನನ್ನ ಒರಟು ಧ್ವನಿಗೆ ಯಾರೂ ಬೆಚ್ಚಲಿಲ್ಲ. ಕೊನೆಯ ಸಾಲಿನವರು ಸ್ವಲ್ಪ ಮುಂದಕ್ಕೆ ಸರಿದು ಕೂತರು, ಅಷ್ಟೆ. ತಮಟೆ ಮಾತ್ರ ಯೋಚಿಸಿ, "ಹಾಗಾದ್ರೆ ಟ್ಯಾಬ್ ಹಿಡ್ಕೊಂಡು ನಮ್ಮನ್ನ ನೋಡೋಕೆ ಬರ್ತೀರಾ?" ಎಂದ.

"ಟ್ಯಾಬ್ ಯಾಕೋ? ಕಾಲಿದೆಯಲ್ಲ."

ಅದು ಹೌದು ಎಂದು ಎಲ್ಲರೂ ಒಪ್ಪಿದರು. ಆಮೇಲೆ ಮೇಲಿನ ತರಗತಿಯ ಕಿಟಕಿಯಿಂದ ಈ ಮರ ಹೇಗೆ ಕಾಣಬಹುದು, ತುದಿ ಕಾಣುತ್ತದೋ ನಡು ಕಾಣುತ್ತದೋ ಎಂದು ಚರ್ಚೆ ಶುರುವಾಯಿತು. ಒಬ್ಬರಾದ ಮೇಲೆ ಒಬ್ಬರು ಹೇಳುತ್ತಾ ಹೋದರು. ನಾನು ಕೇಳುತ್ತಾ ಕೂತೆ.

ಸಂಜೆ ಹೊರಡುವಾಗ ಕಂಪ್ಯೂಟರ್ ಮೇಷ್ಟ್ರು ಬಂದು, ನಾನು ಮಕ್ಕಳೊಡನೆ ಮಾತಾಡುವಾಗ ದೊಡ್ಡ ಮೇಡಂ ಬಾಗಿಲಲ್ಲೇ ನಿಂತಿದ್ದರು ಎಂದು ಹೇಳಿದ. ಲೈಬ್ರರಿಗೆ ಬೇರೆ ಯಾರನ್ನಾದರೂ ನೋಡುತ್ತೇನೆ ಎಂದು ಅವನಿಗೆ ಹೇಳಿ ಹೋದರಂತೆ. ಲೈಬ್ರರಿಯ ವಿಷಯ ನನಗೆ ಮರೆತೇಹೋಗಿತ್ತು.

ಗೇಟಿನ ಹತ್ತಿರ ಇವರು ಕಾಯುತ್ತಿದ್ದರು. ಕೈಗೆಲ್ಲ ಗ್ರೀಸು, ಕೂದಲಲ್ಲಿ ಧೂಳು. ಹೇಗಿತ್ತು ಇವತ್ತು ಎಂದು ಕೇಳಿದರು. ಹೇಳುವುದು ಬೆಟ್ಟದಷ್ಟಿತ್ತು.

"ಮೊದಲು ನಿಮ್ಮದು ಹೇಳಿ" ಎಂದೆ.

ನನ್ನ ಮುಖವನ್ನು ಒಮ್ಮೆ ನೋಡಿದರು. ಆಮೇಲೆ ಶುರುಮಾಡಿದರು. ಆಸ್ಪತ್ರೆಯೊಂದರ ಹಳೇ ಲಿಫ್ಟ್, ಯಾರೂ ಒತ್ತದಿದ್ದರೂ ತಾನೇ ಮೇಲಿನ ಮಹಡಿಗೆ ಹೋಗಿ ಬಾಗಿಲು ತೆರೆದುಕೊಂಡು ನಿಲ್ಲುತ್ತದಂತೆ. ಎಷ್ಟು ಬಿಚ್ಚಿ ನೋಡಿದರೂ ಕಾರಣ ಸಿಗಲಿಲ್ಲ, ಆ ಮಹಡಿಯಲ್ಲಿ ಆಗತಾನೇ ಹುಟ್ಟಿದ ಮಕ್ಕಳ ಕೋಣೆ ಇದೆ ಎಂದರು. ಚಿಗುರಿದ ಮರಗಳ ಕೆಳಗೆ, ಇಳಿಬಿಸಿಲಲ್ಲಿ, ಇವರು ಹೇಳುತ್ತಾ, ನಾನು ಕೇಳುತ್ತಾ ನಡೆದೆವು. ಇವರ ಕತೆ ಮುಗಿದು, ಇನ್ನು ನಿನ್ನದು ಎಂದು ಇವರು ನಿಂತಾಗ ಸುತ್ತ ನೋಡಿದೆವು. ಮನೆ ದಾಟಿ ಎಷ್ಟೋ ದೂರ ಬಂದುಬಿಟ್ಟಿದ್ದೆವು.